ಸೂರ್ಯವಿದ್ಯೆಗೆ ಅಧಿಕಾರಿಗಳಾರು?

ನಮ್ಮ ಪೂರ್ವಿಕರು ಶಾಸ್ತ್ರಗ್ರಂಥವೊಂದನ್ನು ಪಾಠ ಹೇಳಲು ತೊಡಗುವ ಮುನ್ನ ನಾಲ್ಕು ಮಾತುಗಳನ್ನು ತಿಳಿಸಿಬಿಡುವ ಪದ್ಧತಿಯನ್ನಿಟ್ಟುಕೊಂಡಿದ್ದರು: ಗ್ರಂಥದ ವಿಷಯವೇನು, ಪ್ರಯೋಜನವೇನು, ಇವುಗಳಿಗೆ ಪರಸ್ಪರ ಸಂಬಂಧವೇನು, ಇದನ್ನು ಕಲಿಯಲು ಅಧಿಕಾರಿ ಯಾರು. ಅನುಬಂಧಚತುಷ್ಟಯವೆಂದು ಇದಕ್ಕೆ ಹೆಸರು. ಮೊದಲಿನ ಮೂರನ್ನು ಹೇಳುವುದು ಸುಲಭ, ತೊಡಕೆಲ್ಲ ನಾಲ್ಕನೆಯದರಲ್ಲಿ. ಯಾರನ್ನು ಒಳಗೆ ಕರೆಯಬೇಕು, ಯಾರನ್ನು ಬಾಗಿಲಿನಲ್ಲಿಯೇ ನಿಲ್ಲಿಸಬೇಕು ಎಂಬ ವಿಚಾರದಲ್ಲಿ ನಮ್ಮ ದೇಶದಲ್ಲಿ ನಡೆದುಹೋದ ಅನ್ಯಾಯವು ಸಾಮಾನ್ಯವಾದುದಲ್ಲ.

ಇದೀಗ ನಮ್ಮ ಕಣ್ಣೆದುರಿಗೆ ಹೊಸದೊಂದು ವಿದ್ಯೆಯು ಬೆಳೆಯುತ್ತಲಿದೆ. ಅದು ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವ ವಿದ್ಯೆ. ಊರೂರುಗಳ ಮಾಳಿಗೆಗಳ ಮೇಲೆ ಕಪ್ಪು ನೀಲಿ ಬಣ್ಣದ ಫಲಕಗಳು ಬಿಸಿಲಿಗೆ ಮೈಯೊಡ್ಡಿ ಮಲಗಿರುವುದನ್ನು ವಾಚಕರು ನೋಡಿಯೇ ಇರುವರು. ೧ ಕೋಟಿ ಮನೆಗಳ ಮೇಲೆ ಇಂತಹ ಫಲಕಗಳನ್ನು ಕೂಡಿಸಬೇಕೆಂದು ಭಾರತ ಸರಕಾರವು ೨೦೨೪ರ ಫೆಬ್ರವರಿಯಲ್ಲಿ ಯೋಜನೆಯೊಂದನ್ನು ಆರಂಭಿಸಿತು. ಅಷ್ಟು ಮನೆಗಳೆಂದರೆ ಎಷ್ಟು ಏಣಿ ಹತ್ತುವ ಕೆಲಸ, ಎಷ್ಟು ತಂತಿ ಎಳೆಯುವ ಕೆಲಸ, ಎಷ್ಟು ದುರಸ್ತಿಯ ಕೆಲಸ! ಇವೆಲ್ಲ ಯಾರ ಕೈಗೆ ಹೋಗುವುವು? ನಾವು ಎಂಜಿನಿಯರರಲ್ಲ; ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದವರು. ಆದರೂ ವಿದ್ಯೆಯ ಬಾಗಿಲಿನ ವಿಚಾರವು ಉಪಾಧ್ಯಾಯರಿಗೆ ಹೊರಗಿನದಲ್ಲವಾದುದರಿಂದ ಈ ಲೇಖನಕ್ಕೆ ಕೈಯಿಕ್ಕಿದ್ದೇವೆ.

ಮೊದಲು ಕೆಲಸದ ಸ್ವರೂಪವನ್ನು ತಿಳಿಯೋಣ. ಸೌರಫಲಕದಲ್ಲಿ ತಿರುಗುವ ಚಕ್ರವಿಲ್ಲ, ಉರಿಯುವ ಎಣ್ಣೆಯಿಲ್ಲ. ಸಿಲಿಕಾನ್ ಎಂಬ ವಸ್ತುವಿನ ತೆಳುವಾದ ಬಿಲ್ಲೆಗಳ ಮೇಲೆ ಬೆಳಕು ಬಿದ್ದೊಡನೆ ವಿದ್ಯುತ್ಪ್ರವಾಹವು ಹುಟ್ಟುತ್ತದೆ. ಅದನ್ನು ಹದವರಿತು ಬ್ಯಾಟರಿಗೆ ತುಂಬಲು ಒಂದು ನಿಯಂತ್ರಕ, ಮನೆಯ ದೀಪ ಫ್ಯಾನುಗಳಿಗೆ ಒಗ್ಗುವಂತೆ ಮಾರ್ಪಡಿಸಲು ಒಂದು ಇನ್ವರ್ಟರ್. ಮುಖ್ಯವಾದ ಸಲಕರಣೆಗಳು ಇಷ್ಟೇ. ಫಲಕವನ್ನು ನಮ್ಮ ಸೀಮೆಯಲ್ಲಿ ದಕ್ಷಿಣಾಭಿಮುಖವಾಗಿ ತುಸು ಓರೆಯಾಗಿ ನಿಲ್ಲಿಸಬೇಕು, ಧೂಳನ್ನು ತೊಳೆಯುತ್ತಿರಬೇಕು, ಕೆಂಪು ತಂತಿ ಕಪ್ಪು ತಂತಿಗಳು ಅದಲುಬದಲಾಗದಂತೆ ನೋಡಿಕೊಳ್ಳಬೇಕು, ಪ್ರವಾಹವು ಎಲ್ಲಿ ಕಡಿದಿದೆಯೆಂಬುದನ್ನು ಮೀಟರು ಹಿಡಿದು ಹುಡುಕಬೇಕು, ಬೆಸುಗೆ ಬಿಟ್ಟಲ್ಲಿ ಮತ್ತೆ ಹಾಕಬೇಕು. ಫಲಕವನ್ನು ನಿರ್ಮಿಸುವ ವಿಜ್ಞಾನಿಗೆ ದೊಡ್ಡ ಗಣಿತವು ಬೇಕು, ನಿಜ. ಅದನ್ನು ಕೂಡಿಸಿ ಕಾಪಾಡುವವರಿಗೆ ಬೇಕಾದುದು ಎಚ್ಚರ, ತಾಳ್ಮೆ, ಪಳಗಿದ ಕೈ. ಹುರಿಯುವ ಸಾಸಿವೆ ಸೀಯುವ ಮುನ್ನವೇ ಒಲೆಯಿಂದಿಳಿಸಬಲ್ಲ ಗೃಹಿಣಿಗೆ ಈ ಮೂರರ ಕೊರತೆಯಿದೆಯೆಂದು ಯಾರೂ ಹೇಳಲಾರರು.

ಈ ಕಸಬನ್ನು ಕಲಿಸಲು ಸರಕಾರವು ೨೦೧೫ರಲ್ಲಿ ‘ಸೂರ್ಯಮಿತ್ರ’ವೆಂಬ ಶಿಕ್ಷಣವನ್ನು ಏರ್ಪಡಿಸಿತು. ೬೦೦ ಗಂಟೆಗಳ ಪಾಠ, ಸುಮಾರು ೩ ತಿಂಗಳ ಅವಧಿ. ೫೦,೦೦೦ ಮಂದಿಯನ್ನು ತಯಾರುಮಾಡಬೇಕೆಂಬುದು ಗುರಿ. ಸ್ತುತ್ಯವಾದ ಕಾರ್ಯವೇ. ಆದರೆ ಸೇರುವವರು ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಿ, ಅದರ ಮೇಲೆ ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್, ವೈರ್‌ಮನ್, ಫಿಟ್ಟರ್ ಮುಂತಾದ ಕಸಬೊಂದನ್ನು ಕಲಿತಿರಬೇಕೆಂದು ಅರ್ಹತೆಯನ್ನಿಟ್ಟರು. ಹೆಂಗಸರು ಬರಕೂಡದೆಂದು ಈ ನಿಯಮದಲ್ಲಿ ಎಲ್ಲಿಯೂ ಬರೆದಿಲ್ಲ. ಹಳ್ಳಿಯ ಹೆಣ್ಣುಮಗಳು ಇಂತಹ ಕಸಬಿಗೆ ಸೇರಲು ಮನೆಯವರು ಒಪ್ಪುವರೇ, ಹೋಗಿಬರಲು ಅವಳಿಗೆ ಬಸ್ಸಿದೆಯೇ, ಅಲ್ಲಿ ಅವಳಿಗೊಂದು ಶೌಚಗೃಹವಿದೆಯೇ ಎಂಬುದನ್ನು ಮಾತ್ರ ನಿಯಮವು ವಿಚಾರಿಸುವುದಿಲ್ಲ.

ಪರಿಣಾಮವನ್ನು ಲೆಕ್ಕವೇ ಹೇಳುತ್ತದೆ. ಗಾಳಿ, ಬಿಸಿಲು, ನೀರು ಮೊದಲಾದ ಬತ್ತದ ಮೂಲಗಳಿಂದ ಶಕ್ತಿಯನ್ನು ಪಡೆಯುವ ಉದ್ಯಮಗಳನ್ನು ಕುರಿತು ಅಂತರರಾಷ್ಟ್ರೀಯ ಸಂಸ್ಥೆಯೊಂದು ೨೦೧೯ರಲ್ಲಿ ವರದಿಯನ್ನು ಹೊರಡಿಸಿತು. ಪ್ರಪಂಚದಲ್ಲಿ ಈ ಉದ್ಯಮಗಳ ನೌಕರರಲ್ಲಿ ನೂರಕ್ಕೆ ೩೨ ಮಂದಿ ಸ್ತ್ರೀಯರೆಂದು ಅದು ಕಂಡುಕೊಂಡಿತು. ಕಚೇರಿಯ ಆಡಳಿತದ ಕೆಲಸಗಳಲ್ಲಿ ಅವರು ನೂರಕ್ಕೆ ೪೫. ವಿಜ್ಞಾನ, ಯಂತ್ರವಿದ್ಯೆಗಳ ಕೆಲಸಗಳಲ್ಲಿ ೨೮. ನಮ್ಮ ದೇಶದ ಮಾಳಿಗೆ ಸೌರೋದ್ಯಮವನ್ನೇ ಪರಿಶೀಲಿಸಿ ಅದೇ ವರ್ಷ ಪ್ರಕಟವಾದ ಇನ್ನೊಂದು ವರದಿಯಲ್ಲಿ ಸ್ತ್ರೀಯರು ನೂರಕ್ಕೆ ೧೧ ಮಾತ್ರ.

ಸ್ತ್ರೀಯರೊಬ್ಬರದೇ ಈ ಪಾಡಲ್ಲ, ಭೂಮಿಯಿಲ್ಲದವರದೂ ಇದೇ. ೧೯೦೨ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ೯೦ ಮೈಲಿಗೂ ಹೆಚ್ಚು ದೂರ ಹರಿದು ಮೊದಲು ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂದಿತು. ನಡುವಣ ಹಳ್ಳಿಗಳವರು ಬಹುಕಾಲ ತಂತಿಯನ್ನು ನೋಡುತ್ತ ಬುಡ್ಡಿ ಹಚ್ಚಿದರು. ಶಕ್ತಿಯು ಹುಟ್ಟುವ ಸ್ಥಳದವರಿಗೆ ಅದರ ಫಲವು ತಾನಾಗಿ ದೊರೆಯದೆಂಬುದಕ್ಕೆ ನಮ್ಮ ಕಾಲದ ನಿದರ್ಶನವನ್ನು ತುಮಕೂರು ಜಿಲ್ಲೆಯ ಪಾವಗಡದಲ್ಲಿ ನೋಡಬಹುದು.

ಪಾವಗಡವು ಬರಗಾಲಕ್ಕೆ ಹೆಸರಾದ ತಾಲ್ಲೂಕು. ಅಲ್ಲಿಯ ತಿರುಮಣಿ, ಬಳಸಮುದ್ರ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು ೧೩,೦೦೦ ಎಕರೆ ಭೂಮಿಯಲ್ಲಿ, ೨೦೧೯ರ ಕೊನೆಯ ಹೊತ್ತಿಗೆ, ೨,೦೫೦ ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಕ್ಷೇತ್ರವು ಸಿದ್ಧವಾಯಿತು. ಪ್ರಪಂಚದ ದೊಡ್ಡ ಕ್ಷೇತ್ರಗಳಲ್ಲಿ ಅದೂ ಒಂದು. ರೈತರಿಂದ ಭೂಮಿಯನ್ನು ಕಸಿದುಕೊಳ್ಳದೆ, ದೀರ್ಘಕಾಲದ ಗುತ್ತಿಗೆಗೆ ಪಡೆದು, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ ಬಾಡಿಗೆಯನ್ನು ಗೊತ್ತುಮಾಡಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ೫ರಂತೆ ಏರಿಸುವ ಏರ್ಪಾಡಾಯಿತು. ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತಿ ಕೈಸುಟ್ಟುಕೊಂಡಿದ್ದ ಹಿಡುವಳಿದಾರನಿಗೆ ಇದು ವರಪ್ರಸಾದವೇ ಸರಿ. ಈ ಏರ್ಪಾಡನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ಆ ಹೊಲಗಳಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದವರಿಗೆ ಬಾಡಿಗೆಯೆಲ್ಲಿಯದು? ಹೊಲ ಹೋಯಿತು, ಕೂಲಿಯೂ ಹೋಯಿತು. ಕ್ಷೇತ್ರದೊಳಗೆ ಸ್ಥಳೀಯರಿಗೆ ದೊರೆತುದು ಬಹುಮಟ್ಟಿಗೆ ಕಾವಲುಗಾರಿಕೆ, ಹುಲ್ಲು ಕೀಳುವುದು, ಫಲಕ ತೊಳೆಯುವುದು. ಮೀಟರು ಹಿಡಿಯುವ ಕೆಲಸಕ್ಕೆ ಡಿಪ್ಲೊಮಾ ಬೇಕು. ಅದಿದ್ದವರು ಹೊರಗಿನಿಂದ ಬಂದರು. ದಿನವೂ ಫಲಕವನ್ನು ತೊಳೆಯುವ ಹೆಂಗಸಿಗೆ ಆ ಫಲಕದೊಳಗೆ ಏನು ನಡೆಯುತ್ತದೆಂಬುದನ್ನು ಹೇಳಿಕೊಡಲು ಎಷ್ಟು ದಿನ ಬೇಕಾದೀತು?

ಈ ಪ್ರಶ್ನೆಗೆ ರಾಜಸ್ಥಾನದ ಹಳ್ಳಿಯೊಂದರಲ್ಲಿ ಉತ್ತರವು ದೊರೆತಿದೆ: ಆರು ತಿಂಗಳು. ಅಜ್ಮೀರ್ ಜಿಲ್ಲೆಯ ತಿಲೋನಿಯಾ ಎಂಬ ಆ ಹಳ್ಳಿಯಲ್ಲಿ ಬಂಕರ್ ರಾಯ್ ಎಂದು ಪ್ರಸಿದ್ಧರಾದ ಸಂಜಿತ್ ರಾಯ್ ಅವರು ೧೯೭೨ರಲ್ಲಿ, ಪಾಳುಬಿದ್ದಿದ್ದ ಕ್ಷಯರೋಗ ಚಿಕಿತ್ಸಾಲಯವೊಂದರ ಕಟ್ಟಡಗಳನ್ನು ಗೇಣಿಗೆ ಪಡೆದು ಸಂಸ್ಥೆಯೊಂದನ್ನು ಆರಂಭಿಸಿದರು. ಅದೇ ಮುಂದೆ ‘ಬೇರ್‌ಫುಟ್ ಕಾಲೇಜು’ ಎಂದು ಹೆಸರಾಯಿತು. ನಮ್ಮ ಮಾತಿನಲ್ಲಿ ಬರಿಗಾಲಿನವರ ವಿದ್ಯಾಪೀಠವೆನ್ನಬಹುದು. ಡೂನ್ ಶಾಲೆಯಲ್ಲಿಯೂ ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿಯೂ ಓದಿದ ಶ್ರೀಮಂತ ಮನೆತನದ ತರುಣರು ಹಳ್ಳಿಗೆ ಹೋಗಿ ಕುಳಿತುದು ಆಗ ಅನೇಕರಿಗೆ ಹುಚ್ಚಾಗಿ ಕಂಡಿರಬೇಕು.

ಅವರು ಮೊದಲು ತರಬೇತಿಗೆ ತೆಗೆದುಕೊಂಡವರಲ್ಲಿ ಹಳ್ಳಿಯ ಹುಡುಗರೂ ಇದ್ದರು. ಗಂಡಸರು ಕೈಗೆ ಯೋಗ್ಯತಾಪತ್ರ ಬಂದೊಡನೆ ಪಟ್ಟಣದ ಹಾದಿ ಹಿಡಿಯುವರು, ಹಳ್ಳಿಯ ದೀಪವು ಕೆಟ್ಟರೆ ನೋಡುವವರೇ ಇರುವುದಿಲ್ಲ ಎಂಬುದು ಅನುಭವದಿಂದ ಅವರಿಗೆ ತಿಳಿದುಬಂದಿತು. ಆದುದರಿಂದ ಊರು ಬಿಟ್ಟು ಹೋಗದವರನ್ನು ಹುಡುಕಿದರು, ಸಿಕ್ಕವರು ಅಜ್ಜಿಯರು. ಮೂವತ್ತೈದರಿಂದ ಐವತ್ತರ ವಯಸ್ಸಿನ, ಮಕ್ಕಳು ಮೊಮ್ಮಕ್ಕಳನ್ನು ಕಂಡ, ಬಹುಮಟ್ಟಿಗೆ ಅಕ್ಷರವನ್ನರಿಯದ ಹೆಂಗಸರು. ಕಲಿತ ಮೇಲೆ ಯೋಗ್ಯತಾಪತ್ರವನ್ನು ಕೊಡುವುದಿಲ್ಲವೆಂಬ ಕಟ್ಟಳೆಯನ್ನೂ ಮಾಡಿದರು.

ಪಾಠದ ಕ್ರಮವನ್ನು ಕೇಳಿದರೆ ಉಪಾಧ್ಯಾಯರಾದವರಿಗೆ ಬಹಳ ಕುತೂಹಲವಾಗುತ್ತದೆ. ಭಾರತ ಸರಕಾರವು ೨೦೦೮ರಿಂದ ವೆಚ್ಚವನ್ನು ವಹಿಸಿ ಆಫ್ರಿಕಾ ಮೊದಲಾದ ಕಡೆಗಳ ಹಳ್ಳಿಗಳಿಂದಲೂ ಹೆಂಗಸರನ್ನು ಅಲ್ಲಿಗೆ ಕರೆಸತೊಡಗಿತು. ಎಂಬತ್ತಕ್ಕೂ ಹೆಚ್ಚು ದೇಶಗಳವರು ಹೀಗೆ ಬಂದು ಕಲಿತಿದ್ದಾರೆ. ಒಂದೇ ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಕಲಿಸುವವರ ಭಾಷೆಯಂತೂ ಯಾರಿಗೂ ಬಾರದು. ಕಲಿಸುವವರಲ್ಲಿ ಅನೇಕರು ತಾವೂ ಹಳ್ಳಿಯ ಹೆಂಗಸರೇ. ಕೈಸನ್ನೆ, ಚಿತ್ರ, ಬಣ್ಣ, ಮಾಡಿ ತೋರಿಸುವುದು, ಮತ್ತೆ ಮತ್ತೆ ಮಾಡಿಸುವುದು: ಇವುಗಳಿಂದಲೇ ಪಾಠ ನಡೆಯುತ್ತದೆ. ವಿದ್ಯುದ್ಯಂತ್ರಗಳಲ್ಲಿರುವ ಪ್ರತಿರೋಧಕವೆಂಬ ಸಣ್ಣ ಬಿಡಿಭಾಗದ ಮೇಲೆ ಬಣ್ಣದ ಪಟ್ಟೆಗಳಿರುತ್ತವೆ. ಕಪ್ಪು ಸೊನ್ನೆ, ಕಂದು ಒಂದು, ಕೆಂಪು ಎರಡು, ಕಿತ್ತಳೆ ಮೂರು, ಹೀಗೆ ಬಿಳಿಯ ಬಣ್ಣವು ಒಂಬತ್ತರವರೆಗೆ. ಕಂದು, ಕಪ್ಪು, ಕೆಂಪು ಎಂದು ಪಟ್ಟೆಗಳಿದ್ದರೆ ಅದರ ಬೆಲೆ ಒಂದು ಸಾವಿರ. ಪ್ರಪಂಚದ ಎಂಜಿನಿಯರರೆಲ್ಲ ಓದುವ ಲಿಪಿಯು ಇದೇ. ಇದಕ್ಕೆ ಅಕಾರಾದಿಯ ಪರಿಚಯವು ಬೇಕಿಲ್ಲ. ಸೀರೆಯ ಅಂಚಿನ ಬಣ್ಣದ ಸಾಲನ್ನು ಒಮ್ಮೆ ಕಂಡರೆ ಮರೆಯದ ಕಣ್ಣಿಗೆ ಇದನ್ನು ಹಿಡಿಯುವುದು ಎಷ್ಟರ ಮಾತು? ಆರು ತಿಂಗಳು ಕಳೆಯುವಷ್ಟರಲ್ಲಿ ಅವರು ನಿಯಂತ್ರಕವನ್ನು ಬಿಡಿಬಿಡಿಯಾಗಿ ಜೋಡಿಸಿ, ಬೆಸೆದು, ಕೆಟ್ಟುದನ್ನು ಪರೀಕ್ಷಿಸಿ ಸರಿಪಡಿಸುವಂತಾಗುವರು.

ಇದಕ್ಕಿಂತಲೂ ನಮಗೆ ಹಿಡಿಸಿದುದು ಅವರನ್ನು ಆರಿಸುವ ಬಗೆ. ಊರಿನವರೇ ಸಭೆ ಸೇರಿ ಯಾರನ್ನು ಕಳುಹಿಸಬೇಕೆಂದು ಗೊತ್ತುಮಾಡಬೇಕು, ಊರಿನದೊಂದು ಸೌರಸಮಿತಿಯಾಗಬೇಕು. ಸೀಮೆಎಣ್ಣೆಗೂ ಮೇಣದಬತ್ತಿಗೂ ಪ್ರತಿತಿಂಗಳೂ ಖರ್ಚಾಗುತ್ತಿದ್ದ ಹಣದಷ್ಟನ್ನು ಪ್ರತಿಯೊಂದು ಮನೆಯವರೂ ಸಮಿತಿಗೆ ಕೊಡಲು ಮೊದಲೇ ಒಪ್ಪಬೇಕು. ಹಿಂದಿರುಗಿ ಬಂದವಳು ಮನೆಮನೆಗೆ ದೀಪ ಕೂಡಿಸಿ, ದುರಸ್ತಿಯ ಕೊಠಡಿಯನ್ನು ನಡೆಸುತ್ತಾಳೆ. ಆ ಹಣದಿಂದಲೇ ಅವಳಿಗೆ ಸಂಬಳ. ದಾನದ ದೀಪವಾಗಿದ್ದರೆ ಬ್ಯಾಟರಿ ಸತ್ತ ದಿನ ಮೂಲೆ ಸೇರುತ್ತಿತ್ತು. ನಮ್ಮ ನಾಡಿನಲ್ಲಿ ೧೯೯೫ರಿಂದ ಹರೀಶ್ ಹಂದೆಯವರ ಸೆಲ್ಕೋ ಸಂಸ್ಥೆಯವರೂ ದೀಪವನ್ನು ಮಾರುವುದರ ಜತೆಗೆ ಸಮೀಪದಲ್ಲಿಯೇ ದುರಸ್ತಿಗಾರರನ್ನು ಇಡಬೇಕೆಂಬುದನ್ನು ಮುಖ್ಯವಾಗಿ ಭಾವಿಸಿದ್ದು ಇದೇ ಕಾರಣದಿಂದ.

ಇಷ್ಟು ಹೇಳಿದಮೇಲೆ ನಮ್ಮ ಮನಸ್ಸಿನ ಸಂದೇಹವನ್ನೂ ಮುಚ್ಚಿಡಬಾರದು. ಅಕ್ಷರವಿಲ್ಲದೆಯೂ ವಿದ್ಯೆ ಬರುವುದೆಂದು ಸಂತೋಷಪಡುವುದು ಬೇರೆ, ಅಕ್ಷರವೇ ಬೇಡವೆನ್ನುವುದು ಬೇರೆ. ಎರಡನೆಯದನ್ನು ನಾವು ಒಪ್ಪಲಾರೆವು. ಯೋಗ್ಯತಾಪತ್ರವನ್ನು ಕೊಡದಿರುವ ಕಟ್ಟಳೆಯು ಹಳ್ಳಿಯ ಹಿತಕ್ಕಾಗಿ ಆದುದೆಂಬುದು ದಿಟ. ಆದರೆ ಪಟ್ಟಣಕ್ಕೆ ಹೋಗುವ ಸ್ವಾತಂತ್ರ್ಯವು ಗಂಡಸಿಗಿದ್ದು, ಊರಲ್ಲಿಯೇ ಇರುವ ಕರ್ತವ್ಯವು ಹೆಂಗಸಿನದಾಗುವುದು ಪೂರ್ಣ ನ್ಯಾಯವೆನಿಸದು. ಅಜ್ಜಿಗೆ ಪತ್ರವು ಬೇಡವಾಗಿರಬಹುದು. ಅವಳ ಮೊಮ್ಮಗಳಿಗೆ ಬೇಕು. ಮನೆಯ ನಾಲ್ಕು ದೀಪಗಳ ವಿದ್ಯೆಗೂ ಪಾವಗಡದಂತಹ ಮಹಾಕ್ಷೇತ್ರದ ವಿದ್ಯೆಗೂ ಅಂತರವುಂಟು. ಅಲ್ಲಿಯ ಪ್ರವಾಹವು ಪ್ರಾಣಾಪಾಯಕರವಾದುದು. ಸನ್ನೆಯಿಂದ ಕಲಿತುದು ಅಲ್ಲಿ ಸಾಲದು. ಮೊದಲ ಮೆಟ್ಟಿಲಿನ ಮೇಲೆ ಎರಡನೆಯದನ್ನು ಕಟ್ಟಬೇಕಾಗಿದೆ.

ಕಟ್ಟಿದವರೂ ಇದ್ದಾರೆ. ರಾಜಸ್ಥಾನದ ದಕ್ಷಿಣದ ತುದಿಯಲ್ಲಿರುವ ಡುಂಗರಪುರವು ಭಿಲ್ಲರೇ ಮೊದಲಾದ ಗಿರಿಜನರ ಜಿಲ್ಲೆ. ಅಲ್ಲಿಯ ಸ್ವಸಹಾಯ ಸಂಘಗಳ ಹೆಂಗಸರು ಮುಂಬಯಿಯ ಐ.ಐ.ಟಿ.ಯವರ ಸಹಾಯದಿಂದ ಶಾಲೆಯ ಮಕ್ಕಳು ಓದಿಕೊಳ್ಳಲು ಬೇಕಾದ ಸೌರದೀಪಗಳನ್ನು ಜೋಡಿಸಿ ಮಾರುವುದನ್ನು ಮೊದಲು ಕಲಿತರು. ಆ ಕೈಗಳೇ ೨೦೧೭ರಲ್ಲಿ ಸೌರಫಲಕಗಳನ್ನು ತಯಾರಿಸುವ ಕಾರ್ಖಾನೆಯನ್ನು ಆರಂಭಿಸಿದುವು. ಅದರ ಒಡೆತನವೂ ಅವರದೇ. ಉದ್ದವಾದ ಇಂಗ್ಲಿಷ್ ಹೆಸರನ್ನು ಕುಗ್ಗಿಸಿ ಅದನ್ನು ‘ದುರ್ಗಾ’ ಎಂದು ಕರೆಯುತ್ತಾರೆ. ಕೂಲಿಯಿಂದ ಒಡೆತನದವರೆಗೆ ಸಾಗಿದ ಈ ಹಾದಿಯು ಪಾವಗಡದ ಹಳ್ಳಿಗಳಿಗೂ ತೆರೆಯಬಾರದೇ? ಅಲ್ಲಿಯ ಗುತ್ತಿಗೆಯು ಇಪ್ಪತ್ತೈದು ವರ್ಷಗಳಿಗೂ ಮೀರಿದುದು. ಅಷ್ಟರೊಳಗೆ ಇನ್ವರ್ಟರುಗಳನ್ನು ಬದಲಾಯಿಸಬೇಕಾಗುವುದು, ಹಳೆಯ ಫಲಕಗಳನ್ನು ಇಳಿಸಬೇಕಾಗುವುದು. ಈಗ ಐದನೆಯ ತರಗತಿಯಲ್ಲಿರುವ ಅಲ್ಲಿಯ ಹುಡುಗಿಗೆ ಆ ಕೆಲಸದ ಹೊತ್ತಿಗೆ ಸರಿಯಾದ ವಯಸ್ಸಾಗಿರುತ್ತದೆ.

ಮನೆಯಲ್ಲಿ ಕುಳಿತು ಇದನ್ನೋದುವವರಿಗೂ ಕೆಲಸವುಂಟು. ಐ.ಟಿ.ಐ.ಗಳ ಕಸಬುಗಳ ಪಟ್ಟಿಯಲ್ಲಿ ಎರಡು ವರ್ಷಗಳ ಎಲೆಕ್ಟ್ರಿಷಿಯನ್ ಶಿಕ್ಷಣವಲ್ಲದೆ ಒಂದೇ ವರ್ಷದ ಸೋಲಾರ್ ಟೆಕ್ನಿಷಿಯನ್ ಶಿಕ್ಷಣವೂ ಸೇರಿದೆ. ಹತ್ತನೆಯ ತರಗತಿ ತೇರ್ಗಡೆಯಾದವರು ಸೇರಬಹುದು. ಹೆಣ್ಣುಮಗಳಿಗೆ ಹೊಲಿಗೆಯನ್ನೋ ಕಂಪ್ಯೂಟರನ್ನೋ ಮಾತ್ರ ಸೂಚಿಸುವ ತಂದೆತಾಯಿಗಳು ಈ ಹೆಸರನ್ನೂ ಒಮ್ಮೆ ಅವಳ ಕಿವಿಗೆ ಹಾಕಲಿ. ಸಮೀಪದ ಯಾವ ಸಂಸ್ಥೆಯಲ್ಲಿ ಈ ಕಸಬು ನಡೆಯುತ್ತಿದೆ, ವಿದ್ಯಾರ್ಥಿನಿಲಯವಿದೆಯೇ, ಸಂಜೆಯ ಬಸ್ಸು ಎಷ್ಟು ಗಂಟೆಗೆ ಎಂಬುದನ್ನು ತಂದೆಯಾದವನು ತಾನೇ ಒಮ್ಮೆ ಹೋಗಿ ವಿಚಾರಿಸಿಕೊಂಡು ಬರಲಿ. ಮಾಳಿಗೆಯ ಮೇಲೆ ಫಲಕವನ್ನು ಹಾಕಿಸುವವರು ಗುತ್ತಿಗೆದಾರನೊಡನೆ ಬೆಲೆಯ ಮಾತನ್ನು ಮುಗಿಸಿದಮೇಲೆ, ‘ನಿಮ್ಮಲ್ಲಿ ಕೆಲಸ ಬಲ್ಲ ಹೆಣ್ಣುಮಕ್ಕಳಿದ್ದಾರೆಯೇ? ಮಾಳಿಗೆ ಹತ್ತುವವರಿಗೆ ನಡುಪಟ್ಟಿ, ಹಗ್ಗಗಳನ್ನು ಕೊಟ್ಟಿದ್ದೀರಾ?’ ಎಂದು ಕೇಳಲಿ. ಹತ್ತನೆಯ ತರಗತಿಯ ಫಲಿತಾಂಶವು ಬಂದ ಕೆಲವು ವಾರಗಳಲ್ಲಿಯೇ ಐ.ಟಿ.ಐ.ಗಳು ಅರ್ಜಿಗಳನ್ನು ಕರೆಯುವುದು ವಾಡಿಕೆ. ವರ್ಗಾವಣೆ ಪತ್ರ, ಅಂಕಪಟ್ಟಿಗಳನ್ನು ಮೊದಲೇ ಒಂದೆಡೆ ತೆಗೆದಿಟ್ಟಿರುವುದು ಒಳ್ಳೆಯದು.