ನಾಲಗೆಯ ತೀರ್ಪು

ಹಳೆಯದೆಲ್ಲ ಹಿರಿದು, ಉಗ್ರವಾದುದೆಲ್ಲ ಉತ್ತಮ ಎಂಬ ಎರಡು ನಂಬಿಕೆಗಳು ಲೋಕದಲ್ಲಿ ಬಹುಕಾಲದಿಂದ ಬೇರೂರಿವೆ. ಇವುಗಳ ಸತ್ಯಾಸತ್ಯವನ್ನು ಪರೀಕ್ಷಿಸಲು ಅಮೆರಿಕದ ಬರ್ಬನ್ ವಿಸ್ಕಿ ಒಂದು ಒಳ್ಳೆಯ ಒರೆಗಲ್ಲು. ಬಹುಕಾಲ ಮಾಗಿಸಿದ ಬರ್ಬನ್ನಿನ ಶೀಸೆಯ ಮೇಲೆ ಎರಡು ಅಂಕಿಗಳು ಎದ್ದು ಕಾಣುತ್ತವೆ: ಒಂದು ವಯಸ್ಸು, ಮತ್ತೊಂದು ಮದ್ಯಸಾರದ ಪ್ರಮಾಣ. ಕೊಳ್ಳುವವನು ಅನೇಕ ವೇಳೆ ಈ ಅಂಕಿಗಳಿಗೇ ಮಾರುಹೋಗುತ್ತಾನೆ. ರುಚಿ ನೋಡುವವನ ಕೆಲಸ ಅಲ್ಲಿಂದ ಮುಂದೆ ಆರಂಭವಾಗುತ್ತದೆ.

ಬರ್ಬನ್ ಎನಿಸಿಕೊಳ್ಳಬೇಕಾದರೆ ಧಾನ್ಯದಲ್ಲಿ ಶೇಕಡಾ 51ಕ್ಕೆ ಕಡಿಮೆಯಿಲ್ಲದಂತೆ ಮುಸುಕಿನ ಜೋಳವಿರಬೇಕು. ಒಳಮೈಯನ್ನು ಸುಟ್ಟು ಕರಿಗೊಳಿಸಿದ ಹೊಸ ಓಕ್ ಪೀಪಾಯಿಯಲ್ಲಿ ಅದನ್ನು ತುಂಬಿಡಬೇಕು. ತುಂಬುವಾಗ ಮದ್ಯಸಾರ ಶೇಕಡಾ 62.5ನ್ನು ಮೀರಕೂಡದು. ಇದು ಆ ದೇಶದ ಕಾನೂನು. ಅಮೆರಿಕದ ಕಾಂಗ್ರೆಸ್ಸು 1964ರಲ್ಲಿ ಬರ್ಬನ್ನನ್ನು ತನ್ನ ದೇಶದ ವಿಶಿಷ್ಟ ಉತ್ಪನ್ನವೆಂದು ಸಾರಿತು.

ಪೀಪಾಯಿಯೊಳಗೆ ನಡೆಯುವುದೇನು? ಕೆಂಟಕಿಯ ಬೇಸಗೆ ಸುಡುವಂಥದು, ಚಳಿಗಾಲ ಕೊರೆಯುವಂಥದು. ಬಿಸಿಗೆ ಹಿಗ್ಗಿದ ದ್ರವ ಮರದೊಳಕ್ಕೆ ನುಗ್ಗುತ್ತದೆ. ತಂಪಿಗೆ ಕುಗ್ಗಿ ಹಿಂದಿರುಗುತ್ತದೆ. ಹಿಂದಿರುಗುವಾಗ ವೆನಿಲ್ಲಾದ ಕಂಪನ್ನೂ, ಸುಟ್ಟ ಸಕ್ಕರೆಯ ಸವಿಯನ್ನೂ, ಮರದ ಒಗರನ್ನೂ ಹೊತ್ತು ತರುತ್ತದೆ. ಇತ್ತ ವರುಷ ವರುಷವೂ ಒಂದಂಶ ಗಾಳಿಯಲ್ಲಿ ಆರಿಹೋಗುತ್ತದೆ. ಇದಕ್ಕೆ ‘ದೇವದೂತರ ಪಾಲು’ ಎಂದು ಹೆಸರು. ಉಗ್ರಾಣದ ಬಿಸಿಯಾದ ಮೇಲಂತಸ್ತುಗಳಲ್ಲಿ ಮದ್ಯಸಾರಕ್ಕಿಂತ ನೀರೇ ಬೇಗ ಆರುವುದರಿಂದ ಉಳಿದುದು ಇನ್ನಷ್ಟು ಉಗ್ರವಾಗುತ್ತದೆ. ತಂಪು ನಾಡಾದ ಸ್ಕಾಟ್ಲೆಂಡಿನಲ್ಲಿ ಸಾಮಾನ್ಯವಾಗಿ ಇದಕ್ಕೆ ವಿರುದ್ಧ.

ಹೀಗೆ ವಯಸ್ಸು ಕೊಡುವುದೂ ಉಂಟು, ಕಸಿಯುವುದೂ ಉಂಟು. ಹೊಸ ಮರ ಧಾರಾಳವಾಗಿ ಕೊಡುತ್ತದೆ. ಮಿತಿಮೀರಿ ಇಟ್ಟರೆ ಧಾನ್ಯದ ಸವಿ ಅಡಗಿ, ನಾಲಗೆಯನ್ನು ಒಣಗಿಸುವ ಒಗರೊಂದೇ ಮೆರೆಯುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಅರಿಯುವುದೇ ಭಟ್ಟಿಯವನ ಜಾಣ್ಮೆ. ಅದು ತಪ್ಪಿದರೆ ಹತ್ತಾರು ವರುಷಗಳ ತಾಳ್ಮೆ ವ್ಯರ್ಥ.

ಒಂದು ಉದಾಹರಣೆಯನ್ನು ನೋಡೋಣ. ಕೆಂಟಕಿಯ ಹೆವನ್ ಹಿಲ್ ಸಂಸ್ಥೆಯ ಎಲಿಜಾ ಕ್ರೇಗ್ ಎಂಬ ಬರ್ಬನ್ನನ್ನು ನೀರು ಬೆರೆಸದೆ, ಪೀಪಾಯಿಯಲ್ಲಿದ್ದಷ್ಟೇ ಉಗ್ರವಾಗಿ ಶೀಸೆಗೆ ಇಳಿಸುವ ಒಂದು ಬಗೆಯುಂಟು. 2020ರಲ್ಲಿ ಅದರ ಮೂರು ಕಂತುಗಳು ಹೊರಬಂದವು. ಮೂರಕ್ಕೂ 12 ವರುಷವೇ ವಯಸ್ಸು. ಮದ್ಯಸಾರ ಮಾತ್ರ ಕ್ರಮವಾಗಿ ಶೇಕಡಾ 68.4, 63.6 ಮತ್ತು 66.4. ಅಂಕಿಯೇ ಗುಣವಾಗಿದ್ದ ಪಕ್ಷದಲ್ಲಿ ಮೊದಲನೆಯದೇ ಶ್ರೇಷ್ಠ, ಎರಡನೆಯದೇ ಕನಿಷ್ಠ ಎಂದು ಅಂಗಡಿಯಲ್ಲಿಯೇ ತೀರ್ಮಾನಿಸಿಬಿಡಬಹುದಾಗಿತ್ತು. ರುಚಿ ನೋಡುವ ಪ್ರಮೇಯವೇ ಇರುತ್ತಿರಲಿಲ್ಲ!

ಇಷ್ಟು ಉಗ್ರವಾದುದನ್ನು ನೇರವಾಗಿ ಬಾಯಿಗಿಟ್ಟರೆ ಮೊದಲು ತಿಳಿಯುವುದು ಉರಿ. ಮೆಣಸಿನಕಾಯಿಯ ಖಾರವನ್ನು ಗುರುತಿಸುವ ನರತುದಿಗಳನ್ನೇ ಮದ್ಯಸಾರವೂ ಕೆಣಕುತ್ತದೆ. ಆ ಉರಿ ರುಚಿಯನ್ನು ಮರೆಮಾಡುತ್ತದೆ. ಅದರಿಂದಲೇ ಬಲ್ಲವರು ಬಾಯಿ ಕಿರಿದಾದ ಗಾಜಿನ ಬಟ್ಟಲಿನಲ್ಲಿ ಸ್ವಲ್ಪವೇ ಸುರಿದು, ಕೆಲವು ನಿಮಿಷ ಬಿಟ್ಟು, ದೂರದಿಂದ ಮೂಸುತ್ತಾರೆ. ಬಳಿಕ ಒಂದು ಸಣ್ಣ ಗುಟುಕನ್ನು ನಾಲಗೆಯ ಮೇಲೆ ಹೊರಳಾಡಿಸುತ್ತಾರೆ. ವೃತ್ತಿಯವರು ಅದನ್ನು ಉಗುಳುವುದೂ ಉಂಟು. ಅನಂತರ ಬರುವುದು ನಿಜವಾದ ಪರೀಕ್ಷೆ: ಹನಿ ಹನಿಯಾಗಿ ನೀರು.

ನೀರು ಬೆರೆಸುವುದು ಹೇಡಿತನವೆಂದು ಬಗೆಯುವವರಿದ್ದಾರೆ. ವಿಜ್ಞಾನ ಅವರ ಪಕ್ಷದಲ್ಲಿಲ್ಲ. ವಿಸ್ಕಿಯಲ್ಲಿ ಹೊಗೆಯ ಕಂಪನ್ನು ಕೊಡುವ ಗ್ವಾಯಕಾಲ್ ಎಂಬ ವಸ್ತುವಿನ ನಡೆಯನ್ನು 2017ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಗಣಕಯಂತ್ರದಲ್ಲಿ ಅನುಕರಿಸಿ ನೋಡಿದರು. ಮದ್ಯಸಾರ ಶೇಕಡಾ 45ರ ವರೆಗೆ ಇದ್ದಾಗ ಆ ವಸ್ತು ದ್ರವದ ಮೇಲ್ಮೈಯಲ್ಲಿ, ಎಂದರೆ ಮೂಗಿಗೆ ನಿಲುಕುವಲ್ಲಿ ಸೇರುತ್ತದೆ. ಶೇಕಡಾ 59ನ್ನು ಮೀರಿದಾಗ ಒಳಕ್ಕೆ ಸರಿಯುತ್ತದೆ. ಉಗ್ರತೆಯೇ ಕಂಪನ್ನು ಬಚ್ಚಿಟ್ಟಂತಾಯಿತಲ್ಲವೆ?

ನೀರು ಬಿದ್ದ ಮೇಲೆ ಕೆಲವು ಬರ್ಬನ್ನುಗಳು ಪೇಲವವಾಗುತ್ತವೆ: ಅವುಗಳಲ್ಲಿದ್ದುದು ಉರಿಯೊಂದೇ. ಕೆಲವು ಕಹಿಯನ್ನು ಹೊರಗೆಡಹುತ್ತವೆ: ಅವು ಮರದ ಸಹವಾಸದಲ್ಲಿ ಅತಿಯಾಗಿ ಉಳಿದವು. ಮತ್ತೆ ಕೆಲವು ಅರಳುತ್ತವೆ. ಜೋಳದ ಸಿಹಿ, ಹಣ್ಣಿನ ಕಂಪು, ಕೊನೆಗೆ ಹಿತವಾದ ಒಗರು, ಒಂದೊಂದೂ ತನ್ನ ಸರದಿಯಲ್ಲಿ ಬಂದು ಗಂಟಲಿಳಿದ ಮೇಲೂ ನೆನಪಿನಲ್ಲಿ ನಿಲ್ಲುತ್ತವೆ. ಹೆಚ್ಚಿನ ಅಂಕ ಸಲ್ಲಬೇಕಾದುದು ಇಂಥವಕ್ಕೆ.

ನಿಷ್ಪಕ್ಷಪಾತ ತೀರ್ಪಿಗಾಗಿ ಹೆಸರು, ವಯಸ್ಸು, ಬೆಲೆಗಳನ್ನು ಮುಚ್ಚಿಟ್ಟು ರುಚಿ ನೋಡುವ ಪದ್ಧತಿಯೂ ಉಂಟು. ಕವಿಯ ಹೆಸರನ್ನು ಮರೆಮಾಡಿ ಕವಿತೆಯನ್ನು ಓದಿದವರಿಗೆ ಈ ಕಷ್ಟದ ಪರಿಚಯವಿದೆ. ಆಗ ಆಸರೆಗೆ ಯಾವ ಅಂಕಿಯೂ ಇರುವುದಿಲ್ಲ. ತನ್ನ ನಾಲಗೆ ಹೇಳಿದುದನ್ನು ತಾನೇ ನಂಬಿ, ಕಾಗದದ ಮೇಲೆ ಬರೆದು, ಅನಂತರವೇ ಮುಸುಕನ್ನು ತೆಗೆಯಬೇಕು.