ಬೆಳ್ಳಿ ರೂಪಾಯಿಯ ಆಯ್ಕೆ

ಕಳೆದ ಮಳೆಗಾಲದಲ್ಲಿ ಸಂಸೆಯ ತೋಟದ ಮನೆಯೊಂದಕ್ಕೆ ಹೋಗಿದ್ದಾಗ, ನಮ್ಮ ವಿದ್ಯಾರ್ಥಿಯೊಬ್ಬನ ಅಜ್ಜಿಯವರು ಲಕ್ಷ್ಮೀಪೂಜೆಯ ಪೆಟ್ಟಿಗೆಯನ್ನು ತೆರೆದು ನಾಲ್ಕು ರೂಪಾಯಿಗಳನ್ನು ಮುಂದಿಟ್ಟರು. ಮೊಮ್ಮಗನ ನಾಣ್ಯಸಂಗ್ರಹಕ್ಕೆ ಅವುಗಳಲ್ಲಿ ಒಂದನ್ನು ಕೊಡಲು ಅವರು ಒಪ್ಪಿದ್ದರು, ಒಂದನ್ನು ಮಾತ್ರ. ಹುಡುಗನ ಕೈ ಕೂಡಲೇ ಥಳಥಳಿಸುತ್ತಿದ್ದ 1907ರ ನಾಣ್ಯದತ್ತ ಹೋಯಿತು. ಸಂಗ್ರಹಕಾರನು ಮೊದಲು ಬಿಡಬೇಕಾದುದು ಅದನ್ನೇ ಎಂದರೆ ಅವನು ನಂಬಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲವಷ್ಟೆ!

ಟಂಕಸಾಲೆಯಲ್ಲಿ ಎರಡು ಉಕ್ಕಿನ ಅಚ್ಚುಗಳ ನಡುವೆ ಬೆಳ್ಳಿಯ ಬಿಲ್ಲೆಯನ್ನು ಒತ್ತಿದಾಗ, ಲೋಹವು ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವಿನ ಗುರುತಾಗಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ನವಿರಾದ ಗೆರೆಗಳು ಉಳಿಯುವುವು. ನಾಣ್ಯವನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ತಿರುಗಿಸಿದರೆ, ಗಾಡಿಯ ಚಕ್ರದ ಅರೆಗಳಂತೆ ಬೆಳಕಿನ ಪಟ್ಟಿಗಳು ಸುತ್ತುತ್ತವೆ. ಚಲಾವಣೆಗೆ ಬಾರದ ನಾಣ್ಯದ ಲಕ್ಷಣವಿದು. ಹುಣಸೆಹಣ್ಣು ಬೂದಿಗಳಿಂದ ತಿಕ್ಕಿದರೆ ಈ ಗೆರೆಗಳು ಸವೆದು, ಅವುಗಳ ಬದಲಿಗೆ ಅಡ್ಡಾದಿಡ್ಡಿ ಗೀರುಗಳು ಮೂಡುತ್ತವೆ. ಹೊಳಪೇನೋ ಬರುತ್ತದೆ, ಆದರೆ ಪಟ್ಟಿ ಸುತ್ತುವುದಿಲ್ಲ. 1907ರ ನಾಣ್ಯದ ಗತಿ ಇದೇ ಆಗಿತ್ತು. ಬಾಲ್ಯದಲ್ಲಿ ನಾವೂ ಹೀಗೆಯೇ ಒಂದು ಒಳ್ಳೆಯ ರೂಪಾಯಿಯನ್ನು ಕೆಡಿಸಿ, ಬಹುಕಾಲ ಹೆಮ್ಮೆಪಟ್ಟಿದ್ದೆವು.

ಎರಡನೆಯದು 1862ರ ವಿಕ್ಟೋರಿಯಾ ರೂಪಾಯಿ. ಅಂಚಿನಲ್ಲಿ ಬೆಸುಗೆಯ ಕಲೆಯಿತ್ತು. ಎಂದೋ ಸರಕ್ಕೆ ಕೊಂಡಿ ಹಾಕಿಸಿದ್ದರು. ಅದನ್ನೂ ಬಿಟ್ಟೆವು.

ಮೂರನೆಯದು 1944ರದು, ನೋಟಕ್ಕೆ ಬಹಳ ಚೆನ್ನಾಗಿತ್ತು. ಆದರೆ ಹಳೆಯ ರೂಪಾಯಿಯಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿಯಿದ್ದರೆ, ಯುದ್ಧಕಾಲದಲ್ಲಿ, 1940ರಿಂದ, ಅದು 50ಕ್ಕಿಳಿಯಿತು. ಉಳಿದುದು ತಾಮ್ರ, ನಿಕ್ಕಲ್ ಮತ್ತು ಸತು. ಎರಡರ ತೂಕವೂ ಒಂದೇ, ಒಂದು ತೊಲ, ಎಂದರೆ 11.66 ಗ್ರಾಂ. ಭೇದವನ್ನು ತಿಳಿಯಲು ಆರ್ಕಿಮಿಡೀಸನ ಉಪಾಯ ಸಾಕು. ಕಾಲೇಜಿನ ಸೂಕ್ಷ್ಮ ತಕ್ಕಡಿಯಲ್ಲಿ ನಾಣ್ಯವನ್ನು ನೂಲಿನಿಂದ ತೂಗುಬಿಟ್ಟು ಶುದ್ಧ ನೀರಿನಲ್ಲಿ ಮುಳುಗಿಸಿದರೆ, ಹಳೆಯದು ಸುಮಾರು 1.13 ಗ್ರಾಂನಷ್ಟು ಹಗುರವಾಗುತ್ತದೆ. 1944ರದು ಸುಮಾರು 1.22 ಗ್ರಾಂ. ಸವೆದ ನಾಣ್ಯವಾದರೆ ತೂಕವನ್ನು ಈ ನಷ್ಟದಿಂದ ಭಾಗಿಸಿರಿ, ಹಳೆಯದಕ್ಕೆ 10.3, ಹೊಸದಕ್ಕೆ 9.5ರ ಸಮೀಪದ ಅಂಕಿ ಬರುವುದು. ಬಳಿಕ ಮೆತ್ತನೆಯ ಬಟ್ಟೆಯಿಂದ ನೀರನ್ನು ಒತ್ತಿ ತೆಗೆಯಬೇಕು, ಒರೆಸಕೂಡದು.

ಉಳಿದುದು 1919ರ, ಐದನೆಯ ಜಾರ್ಜನ ರೂಪಾಯಿ. ಮಬ್ಬಾಗಿ, ಅಂಚಿನಲ್ಲಿ ನೇರಿಳೆ ನೀಲಿ ಬಣ್ಣಗಳೇರಿದ್ದ ಅದನ್ನು ಹುಡುಗ ಮುಟ್ಟಿಯೂ ನೋಡಿರಲಿಲ್ಲ. ಗಾಳಿಯಲ್ಲಿರುವ ಗಂಧಕದ ಅನಿಲಗಳು ಬೆಳ್ಳಿಯೊಡನೆ ಕೂಡಿ ತೆಳುವಾದ ಪೊರೆಯನ್ನು ಕಟ್ಟುತ್ತವೆ. ಮಳೆನೀರಿನ ಮೇಲೆ ಹರಡಿದ ಎಣ್ಣೆಯಂತೆಯೇ ಈ ಪೊರೆಯೂ ತನ್ನ ದಪ್ಪಕ್ಕೆ ತಕ್ಕ ಬಣ್ಣವನ್ನು ತೋರುತ್ತದೆ. ಭೂತಗನ್ನಡಿಯಲ್ಲಿ ನೋಡಿದೆವು: ಮೊದಲು ಸವೆಯುವ ಎತ್ತರದ ಭಾಗಗಳಾದ ಕಿರೀಟ, ಹುಬ್ಬು, ಕಿವಿ, ಮೀಸೆಗಳು ಚೂಪಾಗಿದ್ದುವು. ನಿಲುವಂಗಿಯ ಸರದಲ್ಲಿದ್ದ ಪುಟ್ಟ ಆನೆಯೂ ಸ್ಪಷ್ಟವಾಗಿತ್ತು. (1911ರ ಅಚ್ಚಿನಲ್ಲಿ ಈ ಆನೆ ಹಂದಿಯಂತೆ ಕಂಡು ಜನ ಆಕ್ಷೇಪಿಸಿದ್ದರಿಂದ ಅಚ್ಚನ್ನೇ ತಿದ್ದಬೇಕಾಯಿತು.) ದೀಪದ ಕೆಳಗೆ ತಿರುಗಿಸಿದಾಗ, ಆ ಮಬ್ಬಿನೊಳಗಿನಿಂದ ಬೆಳಕಿನ ಪಟ್ಟಿ ಸುತ್ತಿತು. ಹುಡುಗನ ಬಾಯಿಂದ ಮಾತು ಹೊರಡಲಿಲ್ಲ.

ಆ ಕಾಲದ ರೂಪಾಯಿಗಳಿಗೆ ಮತ್ತೊಂದು ಕಥೆಯಿದೆ. 1918ರಲ್ಲಿ ಅಮೆರಿಕವು ಪಿಟ್‌ಮನ್ ಶಾಸನವನ್ನು ಮಾಡಿ, 27 ಕೋಟಿಗೂ ಮಿಕ್ಕ ಬೆಳ್ಳಿ ಡಾಲರುಗಳನ್ನು ಕರಗಿಸಿತು. ಆ ಬೆಳ್ಳಿಯ ಬಹುಭಾಗವು ಬ್ರಿಟನ್ನಿಗೆ ಮಾರಾಟವಾಗಿ ಭಾರತದ ಟಂಕಸಾಲೆಗಳನ್ನು ಸೇರಿತು. ಸಂಸೆಯ ಪೆಟ್ಟಿಗೆಯಲ್ಲಿದ್ದುದು ಹಿಂದೊಮ್ಮೆ ಡಾಲರಾಗಿದ್ದಿರಲೂಬಹುದು.

ಅದನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕೆಂದೂ, ಗಂಧಕವಿರುವ ರಬ್ಬರ್ ಮತ್ತು ಉಣ್ಣೆಗಳಿಂದ ದೂರವಾಗಿ ಒಣಸ್ಥಳದಲ್ಲಿಡಬೇಕೆಂದೂ ಹುಡುಗನಿಗೆ ಹೇಳಿದೆವು. ಆ ಊರಿನ ಮಳೆಯಲ್ಲಿ ಒಣಸ್ಥಳವೆಂದರೆ ಅಡುಗೆಮನೆಯ ಅಟ್ಟವೊಂದೇ ಎಂದು ಅವನು ನಕ್ಕನು. ಹೊಗೆಯಿರುವ ಕಡೆ ಬೇಡವೆಂದೆವು.

ಅಜ್ಜಿಯವರು ಉಳಿದ ಮೂರನ್ನು ಪೆಟ್ಟಿಗೆಗೆ ಹಾಕುತ್ತ, “ಮೇಷ್ಟ್ರೇ, ಇವನ್ನು ದೀಪಾವಳಿಗೆ ಹುಣಸೆಹಣ್ಣು ಹಾಕಿ ತಿಕ್ಕಬಹುದೋ?” ಎಂದು ಕೇಳಿದರು. ಧಾರಾಳವಾಗಿ ತಿಕ್ಕಬಹುದೆಂದೆವು.