ಭೀಷ್ಮ ಹಾರಿದ, ದ್ರೋಣ ಕತ್ತಲಾದ

"ಗೀತಾಗೆ ಮೊದಲೇ ಹೇಳಿಬಿಟ್ಟಿದ್ರೆ ಏನಾಗ್ತಿತ್ತು? ಅಷ್ಟು ವರ್ಷ ಜೊತೇಲಿ ಕೆಲಸ ಮಾಡಿದ ಹುಡುಗಿ. ಅವಳಿಗೂ ಮುಚ್ಚಿಡೋದಾ?"

ಕೇಳಿದವರು ಕೊಬ್ಬರಿ ವ್ಯಾಪಾರದವರು. ಕೈಯಲ್ಲಿ ಅರ್ಧ ಕುಡಿದ ಟೀ ಲೋಟ. ಎದುರು ಕೂತ ಗೂಡ್ಸ್ ಆಟೋದವರು ತಡಮಾಡದೆ ತಿರುಗಿಬಿದ್ದರು. "ಹೇಳಿದ್ರೆ ಕಿಲ್ವಿಷ್ ಅವಳನ್ನೇ ಮೊದಲು ಹಿಡೀತಿದ್ದ ಕಣೋ. ಗುಟ್ಟು ಗೊತ್ತಿದ್ದವರಿಗೇ ಅಪಾಯ." ಕಡೂರಿನಿಂದ ಬಂದಿದ್ದ ಮೇಷ್ಟ್ರು ಇಬ್ಬರನ್ನೂ ತಡೆದು, "ಅದೆಲ್ಲ ಅಲ್ಲ. ಗಂಗಾಧರನಾಗಿ ಇರೋದು ಅವನಿಗೆ ಇಷ್ಟ ಇತ್ತು. ಗುಟ್ಟು ಬಿಟ್ಟುಕೊಟ್ಟಿದ್ರೆ ಗಂಗಾಧರ ಸತ್ತುಹೋಗ್ತಿದ್ದ" ಎಂದರು. ಒಂದು ಕ್ಷಣ ಯಾರಿಗೂ ಉತ್ತರ ಹೊಳೆಯಲಿಲ್ಲ.

ಇದು ದೇವನೂರು. ಕಡೂರು ತಾಲ್ಲೂಕಿನ ಬಯಲುಸೀಮೆಯ ಊರು. ಸುತ್ತ ತೆಂಗು, ರಾಗಿ ಹೊಲ, ಮಳೆ ನೋಡಿಕೊಂಡು ಹಾಕುವ ಈರುಳ್ಳಿ. ಇಲ್ಲಿನ ದೇವರು ಲಕ್ಷ್ಮೀಕಾಂತನ ಹೆಸರಿಗೆ ತನ್ನ ಕಾವ್ಯವನ್ನೊಪ್ಪಿಸಿದ ಲಕ್ಷ್ಮೀಶ ಕವಿ ಈ ಊರಿನವನೆಂಬುದು ಜನರ ನಂಬಿಕೆ. ಸುರಪುರದವರೂ ಅವನನ್ನು ತಮ್ಮವನೆನ್ನುತ್ತಾರೆ, ಆದರೆ ದೇವನೂರಿನಲ್ಲಿ ನಿಂತು ಆ ಮಾತಾಡುವ ಧೈರ್ಯ ಯಾರಿಗೂ ಇದ್ದಂತಿಲ್ಲ. ಹೊತ್ತು ಇಳಿಯುತ್ತಿದೆ. ಹಾಲಿನ ಕ್ಯಾನು ಕಟ್ಟಿಕೊಂಡ ಬೈಕುಗಳು ಓಡಾಡುತ್ತಿವೆ. ಟೀ ಅಂಗಡಿಯ ಮುಂದಿನ ಬೆಂಚಿನಲ್ಲಿ ನಲವತ್ತರ ಆಸುಪಾಸಿನ ಐದಾರು ಜನ ಕೂತು, ಇಪ್ಪತ್ತು ವರ್ಷದ ಹಿಂದೆ ನಿಂತುಹೋದ ಧಾರಾವಾಹಿಯ ಪಾತ್ರಗಳ ಬಗ್ಗೆ ಮನೆಯವರ ವಿಷಯ ಮಾತಾಡುವಷ್ಟೇ ಕಾಳಜಿಯಿಂದ ಮಾತಾಡುತ್ತಿದ್ದಾರೆ.

'ಶಕ್ತಿಮಾನ್' ದೂರದರ್ಶನದಲ್ಲಿ ಶುರುವಾದದ್ದು 1997ರ ಸೆಪ್ಟೆಂಬರ್‌ನಲ್ಲಿ, ಮುಗಿದದ್ದು 2005ರ ಮಾರ್ಚ್‌ನಲ್ಲಿ. ಏಳೂವರೆ ವರ್ಷ. ಮೂರನೇ ಕ್ಲಾಸಿನಲ್ಲಿ ನೋಡತೊಡಗಿದ ಹುಡುಗ ಮುಗಿಯುವ ಹೊತ್ತಿಗೆ ಎಸ್ಸೆಸ್ಸೆಲ್ಸಿ ದಾಟುತ್ತಿದ್ದ. 'ಆಜ್ ಕೀ ಆವಾಜ್' ಪತ್ರಿಕೆಯ ಫೋಟೋಗ್ರಾಫರ್ ಗಂಗಾಧರ ಉಬ್ಬು ಹಲ್ಲು, ದುಂಡು ಕನ್ನಡಕ, ಎಣ್ಣೆ ಹಚ್ಚಿ ಬಾಚಿದ ತಲೆಯ ಪೆದ್ದ. ಅವನೇ ಗರಗರ ತಿರುಗಿ ಆಕಾಶಕ್ಕೇರುವ ಶಕ್ತಿಮಾನ್. ಅದೇ ಪತ್ರಿಕೆಯ ವರದಿಗಾರ್ತಿ ಗೀತಾ ವಿಶ್ವಾಸ್. ಲೋಕವೆಲ್ಲ ಕತ್ತಲಾಗಲಿ ಎನ್ನುವ ತಮರಾಜ್ ಕಿಲ್ವಿಷ್. ಅವನ ಕಡೆಯ ವಿಜ್ಞಾನಿ ಡಾಕ್ಟರ್ ಜೈಕಾಲ್. ಇಷ್ಟು ಹೆಸರು ಹೇಳಿದರೆ ಸಾಕು, ಬೆಂಚಿನ ಮೇಲಿನವರ ಮುಖ ಬದಲಾಗುತ್ತದೆ.

ಆಗ ಊರಲ್ಲಿ ಟೀವಿ ಇದ್ದ ಮನೆಗಳು ಕೆಲವೇ. ಆ ಮನೆಯ ಪಡಸಾಲೆ ಆ ಅರ್ಧ ಗಂಟೆ ಊರಿನದಾಗುತ್ತಿತ್ತು. ಕಿಟಕಿಗೆ ನೇತುಬಿದ್ದ ಮಕ್ಕಳು, ಹೊಸ್ತಿಲಲ್ಲಿ ಕೂತ ಮಕ್ಕಳು, ಹೆಂಚಿನ ಮೇಲೆ ಆಂಟೆನಾ ಹಿಡಿದು ನಿಂತ ಒಬ್ಬ ದುರದೃಷ್ಟವಂತ. "ಬಂತಾ?" "ಇಲ್ಲ, ಇನ್ನೂ ಸ್ವಲ್ಪ." "ಈಗ?" "ಬಂತು, ಬಂತು, ಅಲ್ಲೇ ಇರು, ಅಲ್ಲಾಡಬೇಡ!" ಮೇಲಿದ್ದವನಿಗೆ ಕಥೆ ಕೇಳಿಸುತ್ತಿತ್ತು, ಕಾಣುತ್ತಿರಲಿಲ್ಲ. ಗೂಡ್ಸ್ ಆಟೋದವರು ತಾವು ಹೆಚ್ಚು ಕಂತುಗಳನ್ನು ನೋಡಿದ್ದು ಹೆಂಚಿನ ಮೇಲಿಂದಲೇ ಎನ್ನುತ್ತಾರೆ. ಇವತ್ತಿಗೂ ಅವರಿಗೆ ಕಿಲ್ವಿಷನ ದನಿಯ ಏರಿಳಿತ ಬಾಯಿಪಾಠ. ಕರೆಂಟು ಹೋದರೆ ಹೋದಂತೆಯೇ. ಉಳಿದ ಕಥೆಯನ್ನು ಮಕ್ಕಳೇ ಹೊಲದ ಬದುವಿನಲ್ಲಿ ಮುಗಿಸಿಕೊಳ್ಳುತ್ತಿದ್ದರು.

ಭಾಷೆಯಂತೂ ಹಿಂದಿ. ಅದರಲ್ಲೂ ಗಂಗಾಧರನದು ಸಂಸ್ಕೃತದ ತೂಕದ ಹಿಂದಿ. ಯಾರಿಗೆ ಅರ್ಥವಾದೀತು? ಆ ಪಡಸಾಲೆಯಲ್ಲಿ ಮಿಲಿಟರಿಯಿಂದ ನಿವೃತ್ತರಾಗಿ ಬಂದ ಮಾವ ಒಬ್ಬರಿದ್ದರಂತೆ. ಮಂಚದ ಮೇಲೆ ಕೂತು, ಪ್ರತಿ ಮಾತಿಗೂ ಕನ್ನಡದಲ್ಲಿ ಅರ್ಥ ಹೇಳುವುದು ಅವರ ಕೆಲಸ. ಅವರು ಬರೀ ಅರ್ಥ ಹೇಳುತ್ತಿರಲಿಲ್ಲ. "ಈಗ ನೋಡು, ಇವನು ಸುಳ್ಳು ಹೇಳ್ತಿದಾನೆ" ಎಂದು ಮೊದಲೇ ಎಚ್ಚರಿಸುತ್ತಿದ್ದರು. "ಇಂಥೋನು ನಮ್ಮ ರೆಜಿಮೆಂಟಲ್ಲೂ ಒಬ್ಬ ಇದ್ದ" ಎಂದು ಕಥೆ ಬೆಳೆಸುತ್ತಿದ್ದರು. ಸೋಮವಾರ ಶಾಲೆಯಲ್ಲಿ ಟೀವಿ ನೋಡದ ಮಕ್ಕಳಿಗೆ ಇವರೆಲ್ಲ ಮತ್ತೆ ಹೇಳುವಾಗ ಮಾವನ ಮಾತೂ ಕಿಲ್ವಿಷನ ಮಾತೂ ಒಂದಾಗಿರುತ್ತಿತ್ತು.

ಇದನ್ನು ಕೇಳುತ್ತಿದ್ದಂತೆ ನನಗೆ ಗಮಕದ ನೆನಪಾಯಿತು. ಗಮಕಿ ಷಟ್ಪದಿಯನ್ನು ರಾಗದಲ್ಲಿ ವಾಚಿಸುತ್ತಾನೆ, ಪಕ್ಕದಲ್ಲಿ ಕೂತವರು ವ್ಯಾಖ್ಯಾನ ಮಾಡುತ್ತಾರೆ. ಕೇಳುಗರಿಗೆ ಹಳೆಯ ಮಾತು ಪೂರ್ತಿ ತಿಳಿಯದಿದ್ದರೂ ಕಥೆ ತಪ್ಪುವುದಿಲ್ಲ, ಏಕೆಂದರೆ ನಡುವೆ ಒಬ್ಬರು ಅದನ್ನು ಊರಿನ ಬದುಕಿಗೆ ತಂದು ನಿಲ್ಲಿಸುತ್ತಾರೆ. ಲಕ್ಷ್ಮೀಶನ ಜೈಮಿನಿ ಭಾರತ ವಾರ್ಧಕ ಷಟ್ಪದಿಯ ಕಾವ್ಯ. 34 ಸಂಧಿ, ಸುಮಾರು 1,900 ಪದ್ಯ. ಅದು ಕನ್ನಡದ ಹಳ್ಳಿಹಳ್ಳಿಗೆ ಹೋದದ್ದು ಹೀಗೆ ಓದಿಸಿಕೊಂಡು, ಅರ್ಥ ಹೇಳಿಸಿಕೊಂಡೇ. ಮಂಚದ ಮೇಲಿನ ಆ ಮಾವ ತಮಗೆ ತಿಳಿಯದೆಯೇ ಅದೇ ಪೀಠದಲ್ಲಿ ಕೂತಿದ್ದರು.

ಬೆಂಚಿನ ತುದಿಯಲ್ಲಿ ಇಷ್ಟು ಹೊತ್ತು ಸುಮ್ಮನಿದ್ದ ಅಜ್ಜ ಆಗ ಬಾಯಿಬಿಟ್ಟರು. "ಅವನು ನಿಮಗೆ ಶಕ್ತಿಮಾನ್. ನಮಗೆ ಭೀಷ್ಮ."

ನಿಜ. ಬಿ.ಆರ್. ಚೋಪ್ರಾ ಅವರ 'ಮಹಾಭಾರತ' 1988ರಿಂದ 1990ರವರೆಗೆ ಬಂದಾಗ ಭೀಷ್ಮನಾಗಿದ್ದವರು ಮುಕೇಶ್ ಖನ್ನಾ. ಅದರಲ್ಲಿ ದ್ರೋಣನಾಗಿದ್ದ ಸುರೇಂದ್ರ ಪಾಲ್ ಅವರೇ ಮುಂದೆ ಕಿಲ್ವಿಷ್ ಆದರು. ಮಕ್ಕಳು ಹೊಸ ನಾಯಕನನ್ನೂ ಹೊಸ ಖಳನನ್ನೂ ಕಂಡರು. ಹಿಂದೆ ಕೂತ ದೊಡ್ಡವರಿಗೆ ಕಂಡದ್ದು, ಕುರುಕ್ಷೇತ್ರದಲ್ಲಿ ಒಂದೇ ಪಕ್ಷದಲ್ಲಿ ನಿಂತು ಕಾದಿದ್ದ ಇಬ್ಬರು ಹಿರಿಯರು ಈಗ ಎದುರಾಬದುರು ನಿಂತದ್ದು. "ದ್ರೋಣಾಚಾರ್ಯರು ಹೀಗೆ ಕೆಟ್ಟುಹೋದರಲ್ಲ ಅಂತ ನಮ್ಮವ್ವ ನೊಂದುಕೊಂಡಿದ್ದಳು" ಎಂದರು ಅಜ್ಜ. ಯಾರೂ ನಗಲಿಲ್ಲ. ಆ ತಾಯಿಯ ನೋವು ಸರಿಯಾದದ್ದೆಂದೇ ನನಗೂ ಅನ್ನಿಸಿತು. ಪಾತ್ರವೊಂದನ್ನು ಒಮ್ಮೆ ಮನೆಯೊಳಗೆ ಬಿಟ್ಟುಕೊಂಡ ಮೇಲೆ ಅದರ ನಡತೆಗೆ ಮನೆಯವರು ಲೆಕ್ಕ ಕೇಳಿಯೇ ಕೇಳುತ್ತಾರೆ.

ಭೀಷ್ಮ, ದ್ರೋಣರೆಲ್ಲ ಹೋದ ಮೇಲೆ ಶುರುವಾಗುವುದೇ ಈ ಊರಿನ ಕಾವ್ಯ. ಯುದ್ಧ ಮುಗಿದಿದೆ, ಧರ್ಮರಾಯನ ಅಶ್ವಮೇಧದ ಕುದುರೆ ಹೊರಟಿದೆ. ಅದು ಹೋದಲ್ಲೆಲ್ಲ ಒಂದು ಹೊಸ ಕಥೆ, ಒಬ್ಬ ಹೊಸ ವೀರ, ಒಂದು ಹೊಸ ಸಂಕಟ. ಧಾರಾವಾಹಿ ಬರೆಯುವವರು ಇದಕ್ಕಿಂತ ಒಳ್ಳೆಯ ಕಟ್ಟು ಹುಡುಕಲಾರರು. ಯುದ್ಧಕ್ಕೆ ತಡವಾಗಿ ಬಂದನೆಂದು ಕುದಿಯುವ ಎಣ್ಣೆಗೆ ಬಿದ್ದ ಸುಧನ್ವ, ಗಂಡನ ಶಾಪದಿಂದ ಕಲ್ಲಾದ ಚಂಡಿ, ಗರಗಸಕ್ಕೆ ಮೈಯೊಡ್ಡಿದ ಮಯೂರಧ್ವಜ. ಬಭ್ರುವಾಹನನ ಮಾತು ಬಂದೊಡನೆ ಅಜ್ಜ ನೆಟ್ಟಗಾದರು. ಗೌರವದಿಂದ ಬಂದ ಮಗನನ್ನು ಅರ್ಜುನ ಹೀಯಾಳಿಸಿದ, ತಾಯಿಯನ್ನೂ ಬಿಡಲಿಲ್ಲ. ಮಗ ಅಪ್ಪನ ತಲೆಯನ್ನೇ ಕತ್ತರಿಸಿದ. ತಪ್ಪು ಯಾರದು? ತಾವು ಹುಡುಗರಾಗಿದ್ದಾಗ ಓದು ಕೇಳಿ ಮನೆಗೆ ಹೋಗುವ ದಾರಿಯಲ್ಲಿ ದೊಡ್ಡವರು ಇದಕ್ಕೇ ಜಗಳವಾಡುತ್ತಿದ್ದರಂತೆ. 1977ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ 'ಬಬ್ರುವಾಹನ' ಬಂದು, ರಾಜ್‌ಕುಮಾರ್ ಒಬ್ಬರೇ ಅಪ್ಪನೂ ಮಗನೂ ಆದಾಗ ಜಗಳ ಇನ್ನೂ ಬಿಸಿಯಾಯಿತು. ಎರಡು ಕಡೆಯೂ ರಾಜಣ್ಣನೇ ಇದ್ದರೆ ಯಾರ ಪಕ್ಷ ಹಿಡಿಯುವುದು?

"ಹಂಗಂದ್ರೆ ಗಂಗಾಧರನೂ ಶಕ್ತಿಮಾನೂ ಒಬ್ಬರೇ ಮಾಡಿದ್ದರಲ್ಲಿ ಹೊಸದೇನಿಲ್ಲ ಬಿಡಿ ಅಜ್ಜಾರೆ" ಎಂದರು ಕೊಬ್ಬರಿಯವರು.

"ಹೊಸದು ಯಾಕಿರಬೇಕು?" ಎಂದರು ಅಜ್ಜ.

ಮೇಷ್ಟ್ರಿಗೆ ವಿಜ್ಞಾನದ ಕಡೆ ಒಲವು. ಶಕ್ತಿಮಾನ್‌ನನ್ನು ವಿಜ್ಞಾನದ ಕಥೆಯೆನ್ನಬೇಕೋ ಬೇಡವೋ ಎಂಬ ವಾದ ಅವರಿಂದಲೇ ಹುಟ್ಟಿತು. ನಾಯಕನ ಬಲ ಕುಂಡಲಿನಿಯಿಂದ, ಪಂಚಭೂತಗಳಿಂದ ಬಂದದ್ದು. ಖಳರ ಬಲ ಪ್ರಯೋಗಶಾಲೆಯಿಂದ. ಡಾಲಿ ಎಂಬ ಕುರಿ ಹುಟ್ಟಿದ್ದು 1996ರ ಜುಲೈಯಲ್ಲಿ, ಲೋಕಕ್ಕೆ ಗೊತ್ತಾದದ್ದು 1997ರ ಫೆಬ್ರವರಿಯಲ್ಲಿ. ಅದೇ ವರ್ಷ ಶುರುವಾದ ಧಾರಾವಾಹಿಯಲ್ಲಿ ಡಾಕ್ಟರ್ ಜೈಕಾಲ್ ಮನುಷ್ಯರ ತದ್ರೂಪುಗಳನ್ನು ಮಾಡತೊಡಗಿದ. ಕ್ಲೋನ್ ಎಂಬ ಮಾತನ್ನು ತಾವು ಮೊದಲು ಕೇಳಿದ್ದು ಪಾಠದಲ್ಲಲ್ಲ, ಜೈಕಾಲ್‌ನಿಂದ ಎಂದರು ಮೇಷ್ಟ್ರು. ಅವರಿಗೊಂದು ಅಸಮಾಧಾನವೂ ಇದೆ. ಯೋಗ ಎಲ್ಲ ಒಳ್ಳೆಯದು, ವಿಜ್ಞಾನ ಎಲ್ಲ ಕೆಟ್ಟದ್ದು ಎಂದು ಮಕ್ಕಳು ತಿಳಿದರೆ? ಲಲಿತ್ ಪರಿಮೂ ಅಷ್ಟು ಚೆನ್ನಾಗಿ ಜೈಕಾಲ್ ಆಗದಿದ್ದರೆ ಪ್ರಯೋಗಶಾಲೆಯ ಕಡೆ ಒಂದು ಮಗುವೂ ಪ್ರೀತಿಯಿಂದ ನೋಡುತ್ತಿರಲಿಲ್ಲ ಎಂಬುದು ಅವರ ತೀರ್ಮಾನ. ನನಗೆ ಈ ಮಾತು ಮುಖ್ಯವೆನಿಸಿತು. ಪ್ರೀತಿಯಿಂದ ನೋಡಿದವರಿಂದಲೇ ಇಂಥ ಟೀಕೆ ಬರುವುದು.

ಹೆದರಿಕೆಯ ನೆನಪೂ ಇದೆ. ಹೆಗಲಿಗೆ ಟವೆಲು ಕಟ್ಟಿಕೊಂಡು, ಕೈ ಮೇಲೆತ್ತಿ, ತಲೆ ಸುತ್ತಿ ಬೀಳುವವರೆಗೆ ತಿರುಗದ ಮಗುವೇ ಆಗ ಇರಲಿಲ್ಲ. ಶಕ್ತಿಮಾನ್ ಬಂದು ಕಾಪಾಡುತ್ತಾನೆಂದು ನಂಬಿ ಮಕ್ಕಳು ಅಪಾಯ ತಂದುಕೊಂಡರೆಂಬ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ಮುಕೇಶ್ ಖನ್ನಾ ತೆರೆಯ ಮೇಲೆ ಬಂದು, ನನ್ನಂತೆ ಮಾಡಬೇಡಿ ಎಂದು ಮಕ್ಕಳಿಗೆ ತಿಳಿಹೇಳಬೇಕಾಯಿತು. ಕಥೆಯ ಕೊನೆಯಲ್ಲಿ ಬರುತ್ತಿದ್ದ ಬುದ್ಧಿಮಾತು ಇವರಿಗೆಲ್ಲ ಇನ್ನೂ ನೆನಪಿದೆ. ತಪ್ಪು ಮಾಡಿದ ಮಗು 'ಸಾರಿ ಶಕ್ತಿಮಾನ್' ಎನ್ನುವುದನ್ನು ಬೆಂಚಿನವರೆಲ್ಲ ಒಂದೇ ರಾಗದಲ್ಲಿ ಹೇಳಿ ತೋರಿಸಿದರು.

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಗೆಳೆಯನೊಬ್ಬ ಹಬ್ಬಕ್ಕೆ ಬಂದಿದ್ದ. ಅವನು ಹೇಳಿದ ಸಂಗತಿ ಅಜ್ಜನಿಗೆ ಎಲ್ಲಕ್ಕಿಂತ ಹಿಡಿಸಿತು. ಇಂಗ್ಲೆಂಡಿನ 'ಡಾಕ್ಟರ್ ಹೂ' ಧಾರಾವಾಹಿ 1963ರ ನವೆಂಬರ್‌ನಲ್ಲಿ ಶುರುವಾದದ್ದು. ಅದರ ಮೊದಲ ಕಥೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ಲಕ್ನೋದಲ್ಲಿ ಹುಟ್ಟಿದವರು. ಹಳೆಯ ಕಂತುಗಳ ಎಷ್ಟೋ ಟೇಪುಗಳನ್ನು ಬಿಬಿಸಿ ಅಳಿಸಿಹಾಕಿತು; ಆಗ ಅವು ಮತ್ತೆ ಬೇಕಾದಾವೆಂದು ಯಾರಿಗೂ ತೋಚಿರಲಿಲ್ಲ. ಆದರೆ ಮನೆಯಲ್ಲಿ ಟೀವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ದನಿಯನ್ನಷ್ಟೇ ಹಿಡಿದಿಟ್ಟ ಹುಡುಗರಿದ್ದರು. ಅವರಿಂದಾಗಿ ಚಿತ್ರ ಕಳೆದುಹೋದ ಪ್ರತಿ ಕಂತಿನ ದನಿಯೂ ಉಳಿದಿದೆ. "ಹೆಂಚಿನ ಮೇಲೆ ನಿಂತೋರು ಅಲ್ಲೂ ಇದ್ರು ಅನ್ನು" ಎಂದರು ಆಟೋದವರು. ಅಜ್ಜ ನೆನೆದದ್ದು ಬೇರೆ. ಜೈಮಿನಿ ಮುನಿ ಇಡೀ ಭಾರತವನ್ನೇ ಬರೆದಿದ್ದನಂತೆ, ಉಳಿದದ್ದು ಅಶ್ವಮೇಧದ ಒಂದು ಪರ್ವ ಮಾತ್ರ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಉಳಿದ ಒಂದು ಪರ್ವವೇ ಲಕ್ಷ್ಮೀಶನ ಕೈಗೆ ಸಿಕ್ಕಿದ್ದು. "ಹೋದದ್ದಕ್ಕೆ ಅತ್ತರೆ ಆಯ್ತಾ? ಇದ್ದದ್ದನ್ನ ಹೇಳ್ತಾ ಇರಬೇಕು" ಎಂದರು.

2020ರ ಏಪ್ರಿಲ್. ಲಾಕ್‌ಡೌನಿನಲ್ಲಿ ದೂರದರ್ಶನ 'ಶಕ್ತಿಮಾನ್' ಅನ್ನು ಮತ್ತೆ ಹಾಕಿತು. ಪಟ್ಟಣದಿಂದ ಊರಿಗೆ ಮರಳಿದ್ದ ಇವರೆಲ್ಲ ಈ ಸಲ ತಮ್ಮ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದರು. ಮಕ್ಕಳಿಗೆ ಹಾರಾಟದ ದೃಶ್ಯಗಳು ಸಪ್ಪೆ ಎನ್ನಿಸಿದವಂತೆ. ಹಾಗಿದ್ದರೂ ಗಂಗಾಧರ ಗೆದ್ದ. ಪೆದ್ದನಂತೆ ಕಾಣುವವನ ಒಳಗೆ ಏನಿದೆಯೋ ಯಾರಿಗೆ ಗೊತ್ತು ಎಂಬ ಆಸೆ ಯಾವ ಕಾಲದ ಮಗುವಿಗಾದರೂ ಬೇಕು. ಗೀತಾ ಬಗ್ಗೆ ಮಾತ್ರ ಹೆಣ್ಣುಮಕ್ಕಳು ಇವರಿಗೆ ಹೊಳೆಯದ ಪ್ರಶ್ನೆ ಕೇಳಿದರು. ಊರಿಗೆಲ್ಲ ಸುದ್ದಿ ಹುಡುಕಿ ತರುವವಳು ಎದುರು ಮೇಜಿನವನ ಗುಟ್ಟನ್ನು ಕಂಡುಹಿಡಿಯದಂತೆ ಬರೆದವರು ಯಾರು? ಮೊದಲು ಕಿಟು ಗಿಡ್ವಾನಿ, ಆಮೇಲೆ ವೈಷ್ಣವಿ ಮಹಂತ್ ಮಾಡಿದ ಆ ಪಾತ್ರದ ಮೇಲೆ ಕಥೆಗಾರರಿಗೆ ಇನ್ನಷ್ಟು ನಂಬಿಕೆ ಇರಬೇಕಿತ್ತು. ಹುಡುಗಿಯರು ಹೇಳಿದ್ದೇ ಸರಿ.

ಕೊನೆಯ ಕಂತಿನ ಮಾತು ಬಂದಾಗ ಬೆಂಚಿನಲ್ಲಿ ಒಬ್ಬರೂ ಅದನ್ನು ನೋಡಿಲ್ಲವೆಂದು ತಿಳಿಯಿತು. 2005ರ ಹೊತ್ತಿಗೆ ಒಬ್ಬರು ಹಾಸ್ಟೆಲಿನಲ್ಲಿ, ಒಬ್ಬರು ಗ್ಯಾರೇಜಿನಲ್ಲಿ ಕೆಲಸಕ್ಕೆ, ಇನ್ನೊಬ್ಬರ ಮನೆಗೆ ಕೇಬಲ್ ಬಂದಾಗಿತ್ತು. ದೂರದರ್ಶನದ ಪ್ರಸಾರ ಶುಲ್ಕ ಏರುತ್ತ ಹೋದದ್ದರಿಂದ ನಿಲ್ಲಿಸಬೇಕಾಯಿತೆಂದು ಮುಕೇಶ್ ಖನ್ನಾ ಹೇಳಿದ್ದುಂಟು. 2022ರ ಫೆಬ್ರವರಿಯಲ್ಲಿ ಸೋನಿ ಸಂಸ್ಥೆ ಸಿನಿಮಾ ಮಾಡುವುದಾಗಿ ಸಾರಿತು. ಅದರಲ್ಲಿ ಯಾರು ನಾಯಕನಾಗಬೇಕೆಂಬ ಬಗ್ಗೆ ಇಲ್ಲಿ ಎರಡು ಪಕ್ಷ, ಮಾತು ಬಿಟ್ಟಿರುವ ಮಟ್ಟಿಗೆ.

"ಕೊನೆ ಏನಾಯ್ತು ಅಂತ ನಾನು ಹೇಳ್ತೀನಿ ಕೇಳ್ರಿ" ಎಂದು ಆಟೋದವರು ಎದ್ದು ನಿಂತರು. ಅವರ ಕಥೆಯಲ್ಲಿ ಕಿಲ್ವಿಷ್ ಸೋಲುವುದಿಲ್ಲ, ಗೀತಾಗೆ ಗುಟ್ಟು ತಿಳಿದು ಅವಳೇ ಪತ್ರಿಕೆಯಲ್ಲಿ ಬರೆದುಬಿಡುತ್ತಾಳೆ. "ಸುಳ್ಳು! ಗೀತಾ ಹಾಗೆ ಮಾಡೋಳಲ್ಲ" ಎಂದು ಕೊಬ್ಬರಿಯವರು ಲೋಟ ಕೆಳಗಿಟ್ಟರು. "ಮಾಡ್ತಾಳೆ, ಅವಳ ಕೆಲಸ ಅದು" ಎಂದರು ಮೇಷ್ಟ್ರು. ಅಜ್ಜ ಅಂಗಡಿಯವನ ಕಡೆ ತಿರುಗಿ, "ಇನ್ನೊಂದು ಸುತ್ತು ಟೀ ಹಾಕಪ್ಪ, ಇದು ಈಗ ಮುಗಿಯೋದಲ್ಲ" ಎಂದರು.